ಗಿಳಿ ಕಾಯುವ ಬಾಗಿಲು

ಮಳೆಗಾಲಕ್ಕೆಂದು ಅಳಿಲು ತನ್ನ ಕಡಲೆಯನ್ನೆಲ್ಲ ಹೆಗ್ಗಣದ ಬಿಲದಲ್ಲಿ ಜೋಪಾನವಾಗಿ ಇರಿಸಿತ್ತು. ಬಿಲಕ್ಕೆ ನೀರು ನುಗ್ಗಿತೆಂಬ ಸುದ್ದಿ ಕೇಳಿ, ಮರಿಗಳನ್ನು ಪೊಟರೆಯಲ್ಲಿ ಬಿಟ್ಟು ಓಡಿ ಬಂತು. ಬಾಗಿಲಲ್ಲಿ ಗಿಳಿ ಕೂತಿತ್ತು.

"ನನ್ನ ಕಡಲೆ ನೆನೆಯಿತೇ? ಯಜಮಾನರನ್ನು ಕೇಳಪ್ಪ."

"ಕರೆಯುತ್ತೇನೆ ತಾಯಿ. ನೀವು ಕಾದಷ್ಟು ಹೊತ್ತೂ ನಿಮ್ಮ ರಾಶಿಯಿಂದ ನಾನು ಕಡಲೆ ತಿನ್ನುತ್ತಿರುತ್ತೇನೆ."

ಅಳಿಲು ಒಪ್ಪಿತು. ಗಿಳಿ ಬಿಲದೊಳಗೆ ಕತ್ತು ಚಾಚಿ ಒಂದು ಕಡಲೆ ತಿಂದು, "ಯಜಮಾನರು ಬೇರೆಯವರೊಡನೆ ಮಾತಾಡುತ್ತಿದ್ದಾರೆ, ಸ್ವಲ್ಪ ತಡೆಯಿರಿ" ಎಂದು ರಾಗವಾಗಿ ಹೇಳಿತು. ಇನ್ನೊಂದು ತಿಂದು ಅದನ್ನೇ ಹೇಳಿತು. ಈಗ ಎದ್ದುಹೋದರೆ ಕೊಟ್ಟದ್ದೆಲ್ಲ ದಂಡವೆಂದು ಅಳಿಲು ಕದಲಲಿಲ್ಲ.

ಸಂಜೆಗೆ ಹೆಗ್ಗಣ ಹೊರಬಂತು. "ನೀರು ನುಗ್ಗಿದ್ದು ಪಕ್ಕದ ಬಿಲಕ್ಕೆ. ನಿನ್ನ ಕಡಲೆ ಒಂದೂ ನೆನೆದಿರಲಿಲ್ಲ. ಈಗ ಒಂದೂ ಉಳಿದಿಲ್ಲ."

"ಅಯ್ಯೋ! ನಿಮ್ಮನ್ನು ಕೇಳಲು ಬೇರೆ ದಾರಿ ಇರಲಿಲ್ಲವೇ?"

"ಹಿಂದುಗಡೆ ಕಿಂಡಿ ಇದೆಯಲ್ಲ. ಅಲ್ಲಿ ಕೂಗಿದರೆ ಬಿಟ್ಟಿಯಾಗಿಯೇ ಓಗೊಡುತ್ತೇನೆ."

"ನನಗೆ ಗೊತ್ತಿರಲಿಲ್ಲ."

"ವಿಚಾರಿಸಬೇಕಿತ್ತು."

"ಯಾರನ್ನು?"

ಹೆಗ್ಗಣ ಗಿಳಿಯತ್ತ ಕೈ ತೋರಿಸಿ ಒಳಗೆ ಹೋಯಿತು.

ಅಳಿಲು ಪೊಟರೆಗೆ ಮರಳುವಷ್ಟರಲ್ಲಿ ಮಳೆ ಹಿಡಿದಿತ್ತು.

"ಅಮ್ಮಾ, ಹಸಿವು. ಕಡಲೆ ಎಲ್ಲಿ?" ಎಂದವು ಮರಿಗಳು.

"ಸ್ವಲ್ಪ ತಡೆಯಿರಿ" ಎಂದಿತು ಅಳಿಲು.