ಕಮಾನಿನ ಕೆಳಗೆ ಜೋಯಿಸರು

ಗುಡ್ಡದೂರಿನ ಆಸ್ಥಾನದಲ್ಲಿ ಗುಂಡಾಜೋಯಿಸರ ಬಾಯಿಗೆ ಬೀಗವೇ ಇರಲಿಲ್ಲ. ಕಟ್ಟಡವಿದ್ಯೆ ಕಲಿಸುವ ಶಾಲೆಗಳನ್ನು ಪರೀಕ್ಷಿಸಿ, ಯೋಗ್ಯವಾದದ್ದಕ್ಕೆ ಅರಸರ ಮುದ್ರೆ ಒತ್ತುವುದು ಅವರ ಕೆಲಸ.

“ಓಲೆಗರಿ ನೋಡಿದರೆ ಸಾಕು, ಶಾಲೆಯ ಜಾತಕ ಹೇಳಿಬಿಡುತ್ತೇನೆ. ಗೋಡೆ ಯಾಕೆ ನೋಡಬೇಕು?” ಎಂದು ತುಂಬಿದ ಸಭೆಯಲ್ಲಿ ಜಂಬ ಕೊಚ್ಚುತ್ತಿದ್ದರು.

ಆ ವರ್ಷ ಮುದ್ರೆ ಕೇಳಿದ್ದು ಎರಡು ಶಾಲೆ. ಮುದ್ರೆ ಸಿಗದ ಶಾಲೆಯವರು ಯುಗಾದಿ ಕಳೆದ ಮೇಲೆ ರಾಜ್ಯದಲ್ಲಿ ಒಂದು ಕಲ್ಲನ್ನೂ ಎತ್ತಿಡುವಂತಿರಲಿಲ್ಲ.

ಭುಜಂಗಯ್ಯನ ಶಾಲೆಯಲ್ಲಿ ನೂರು ಕಟ್ಟು ಓಲೆ ಕಾದಿದ್ದವು. ಮಸಿ ಇನ್ನೂ ಬೆರಳಿಗೆ ಅಂಟುತ್ತಿತ್ತು. ಶಿಷ್ಯರನ್ನು ಆ ಒಂದು ದಿನದ ಮಟ್ಟಿಗೆ ಸಂತೆಯಿಂದ ಹಿಡಿದು ತಂದಿದ್ದರು. ಒಬ್ಬ ಪುಣ್ಯಾತ್ಮನಂತೂ ಗೋಡೆಯ ನೇರ ನೋಡುವ ತೂಗುಗುಂಡನ್ನು ಉಡಿದಾರಕ್ಕೆ ಕಟ್ಟಿಕೊಂಡು ಓಡಾಡುತ್ತಿದ್ದ. ಜೋಯಿಸರು ಕಂಡೂ ಕಾಣದವರಂತೆ ಆರನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು. ಮುದ್ರೆ ಬಿತ್ತು.

ಮೌನಾಚಾರಿಯ ಶಾಲೆ ನಡೆಯುತ್ತಿದ್ದದ್ದು ಹುಣಸೆಮರದ ಬುಡದಲ್ಲಿ. ಕಟ್ಟುವುದನ್ನು ಕಲಿಸುವವನಿಗೆ ಸ್ವಂತ ಸೂರಿಲ್ಲ ಎಂದು ಜೋಯಿಸರು ಅಲ್ಲೇ ನಕ್ಕರು. ಹನ್ನೊಂದು ಮಂದಿ ಶಿಷ್ಯರ ಕೈತುಂಬ ಗಾರೆ. ಊಟಕ್ಕೆ ಅಂಬಲಿ. ದಾಖಲೆ ಎಲ್ಲಿ ಎಂದು ಕೇಳಿದರೆ ಮುದುಕ ಕೈಮುಗಿದ.

“ಸ್ವಾಮೀ, ಕಮಾನು ಕಟ್ಟುವಾಗ ಕೆಳಗಿನಿಂದ ಕೊಟ್ಟ ಆಸರೆಮರ ತೆಗೆಯುವ ದಿನ ಕಟ್ಟಿದವನೇ ಅದರ ಕೆಳಗೆ ನಿಲ್ಲಬೇಕು. ಅದು ನಮ್ಮ ಕಟ್ಟಳೆ. ನನ್ನ ಶಿಷ್ಯರು ಎಲ್ಲರೂ ನಿಂತಿದ್ದಾರೆ, ಎಲ್ಲರೂ ಬದುಕಿದ್ದಾರೆ. ಅದೇ ನಮ್ಮ ದಾಖಲೆ.”

ಅದನ್ನು ಬರೆಯಲು ತಮ್ಮ ಓಲೆಯಲ್ಲಿ ಜಾಗವಿಲ್ಲ ಎಂದು ಜೋಯಿಸರು ಎದ್ದು ಹೊರಟರು.

ನಲವತ್ತು ವರ್ಷದ ಶಾಲೆ ಮುಚ್ಚುವ ಹಾಗಾಯಿತಲ್ಲ ಎಂದು ಮೌನಾಚಾರಿಗೆ ಹೊಟ್ಟೆ ಉರಿದುಹೋಯಿತು. ಆಸ್ಥಾನದ ವಿನೋದಗಾರ ಕೋನಪ್ಪನ ಮನೆಗೆ ಹೋಗಿ ಊರೆಲ್ಲ ಆಡಿಕೊಳ್ಳುತ್ತಿದ್ದ ಹೋಳಿಗೆಯ ಸುದ್ದಿಯನ್ನೂ ಸೇರಿಸಿ ನಡೆದದ್ದನ್ನೆಲ್ಲ ಹೇಳಿಕೊಂಡು ಅತ್ತ. ಕೋನಪ್ಪ ಅವನಿಗೆ ಮಜ್ಜಿಗೆ ಕೊಟ್ಟು, ಕೋಟೆಯ ಹೊಸ ಬಾಗಿಲುಗಳ ಆಸರೆ ತೆಗೆಯುವುದು ಯಾವತ್ತು ಎಂದಷ್ಟೇ ಕೇಳಿದ.

ಮೂಡಣ ಬಾಗಿಲಿನ ಕಮಾನು ಭುಜಂಗಯ್ಯನ ಶಾಲೆಯದು, ಪಡುವಣದ್ದು ಮೌನಾಚಾರಿಯ ಶಾಲೆಯದು. ಆಸರೆ ತೆಗೆಯುವ ದಿನ ಅರಸ ಸೋಮಣ್ಣ ನಾಯಕರು ಪರಿವಾರದೊಡನೆ ಬಂದರು. ಕೋನಪ್ಪ ಮುಂದೆ ಬಂದು ಆ ಕಟ್ಟಳೆಯನ್ನು ಅರಿಕೆ ಮಾಡಿದ. ಆಮೇಲೆ ಬಹಳ ವಿನಯದಿಂದ, ಬರೀ ಗಾರೆಯವರಿಗೆ ಈ ಗೌರವ ಯಾಕೆ ಪ್ರಭು, ಶಾಲೆಗಳ ಹೊಣೆ ಹೊತ್ತವರು ಜೋಯಿಸರಲ್ಲವೆ, ಅವರೇ ನಿಲ್ಲಲಿ, ಯಾವ ಬಾಗಿಲು ಎಂಬುದನ್ನೂ ಅವರಿಗೇ ಬಿಡೋಣ ಎಂದ. ನಾಯಕರಿಗೆ ಮಾತು ಹಿಡಿಸಿತು.

ತಾವೇ ಮುದ್ರೆ ಒತ್ತಿದ ಶಾಲೆಯದಲ್ಲವೆ ಎಂದು ಜೋಯಿಸರು ಮೂಡಣ ಬಾಗಿಲಿಗೇ ನಡೆದರು. ತಲೆಯೆತ್ತಿ ಕಮಾನು ನೋಡಿದರು. ಉಡಿದಾರದಲ್ಲಿ ಜೋಲಾಡುತ್ತಿದ್ದ ತೂಗುಗುಂಡು ನೆನಪಾಯಿತು. ಭುಜಂಗಯ್ಯನ ಕಡೆ ತಿರುಗಿದರೆ, ಆಸಾಮಿ ಆಗಲೇ ಹತ್ತು ಮಾರು ದೂರ ಸರಿದಿದ್ದ.

ಜೋಯಿಸರು ಪಂಚೆ ಎತ್ತಿ ಕಟ್ಟಿದರು. ಯಾರ ಮುಖವನ್ನೂ ನೋಡದೆ ಊರಿನ ನಡುಬೀದಿಯಲ್ಲಿ ಬಿರಬಿರನೆ ನಡೆದು, ಪಡುವಣ ಬಾಗಿಲಿನ ಕಮಾನಿನ ಕೆಳಗೆ ನಿಂತು ಕಣ್ಣು ಮುಚ್ಚಿದರು. ಆಸರೆಮರಗಳು ಧಡಧಡ ಬಿದ್ದವು. ಮೇಲಿಂದ ಒಂದು ಚಿಟಿಕೆ ಗಾರೆಯೂ ಉದುರಲಿಲ್ಲ.

ಹಿಂದೆಯೇ ಬಂದ ನಾಯಕರು, ಮುದ್ರೆ ಇದ್ದದ್ದು ಆ ಬಾಗಿಲಿನವರಿಗಲ್ಲವೆ ಎಂದು ಹುಬ್ಬೇರಿಸಿದರು. ಕೋನಪ್ಪ ಕೈಮುಗಿದ.

“ಪ್ರಭು, ಜೋಯಿಸರ ಕೈ ಆ ಶಾಲೆಗೆ ಮುದ್ರೆ ಒತ್ತಿತ್ತು. ಈಗ ಅವರ ಕಾಲು ಈ ಶಾಲೆಗೆ ಒತ್ತಿದೆ. ಕೈ ಹೋಳಿಗೆ ತಿಂದಿದೆ, ಕಾಲು ಏನೂ ತಿಂದಿಲ್ಲ. ತಾವು ಯಾವುದನ್ನು ನಂಬುತ್ತೀರಿ?”

ನಾಯಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೌನಾಚಾರಿಗೆ ಮುದ್ರೆಯನ್ನು ತಮ್ಮ ಕೈಯಾರೆ ಕೊಟ್ಟರು, ಕೋನಪ್ಪನಿಗೆ ಹೊದೆಯಲು ಶಾಲು. ಮೂಡಣ ಬಾಗಿಲಿನ ಆಸರೆ ಮಾತ್ರ ಯಾರೂ ತೆಗೆಯಬಾರದೆಂದು ಅಪ್ಪಣೆಯಾಯಿತು. ಗುಡ್ಡದೂರಿನ ಜನ ಇವತ್ತಿಗೂ ಆ ಮರಗಳ ಸಂದಿಯಲ್ಲಿ ಬಗ್ಗಿಕೊಂಡೇ ಓಡಾಡುತ್ತಾರೆ.