ಎರಡು ಬೆರಳು ತಗ್ಗಿದ ಭುಜ

"ಹೆಸರನ್ನೇ ಹೇಳದ ಮೇಲೆ ಗುಟ್ಟು ಬಿಟ್ಟುಕೊಟ್ಟಂತೆ ಹೇಗಾಗುತ್ತದೆ, ಗುರುಗಳೇ?" ಎಂದು ಕುಮುದಿನಿ ಕೇಳಿದಳು.

ತೊದಲುವ ಮಕ್ಕಳ ಮಾತು ತಿದ್ದುವುದು ಅವಳ ವೃತ್ತಿ. ಆ ವೃತ್ತಿಯವರೇ ಸೇರಿ ಆನ್‌ಲೈನ್‌ನಲ್ಲಿ ಒಂದು ಬಳಗ ಕಟ್ಟಿಕೊಂಡಿದ್ದರು. ಒಬ್ಬರಿಗೆ ಬಗೆಹರಿಯದ ತೊಡಕನ್ನು ಅಲ್ಲಿ ಬರೆದರೆ ಹತ್ತು ಜನ ದಾರಿ ತೋರುತ್ತಿದ್ದರು. ಕುಮುದಿನಿಯೂ ಒಬ್ಬ ಹುಡುಗಿಯ ವಿಷಯ ಬರೆದಿದ್ದಳು, ಹೆಸರು ಬಿಟ್ಟು. ಓದಿದವರಲ್ಲಿ ಯಾರೋ ಗುರುತು ಹಿಡಿದರು. ಸುದ್ದಿ ತಿಳಿದ ತಾಯಿ ಮಗಳನ್ನು ಕರೆತರುವುದನ್ನೇ ನಿಲ್ಲಿಸಿದಳು.

ಗುರುಗಳು ಒಂದು ಕತೆ ಹೇಳಿದರು.

ಒಂದು ಕೋಟೆಯಿದ್ದ ಊರಿನಲ್ಲಿ ಒಬ್ಬ ದರ್ಜಿಯಿದ್ದ. ಒಳ್ಳೆಯ ಕೆಲಸಗಾರ, ಹೊಟ್ಟೆಯಲ್ಲಿ ಕಪಟವಿಲ್ಲದವನು. ಕೋಟೆಯ ಕಾವಲುಗಾರನೊಬ್ಬ ಅವನ ಬಳಿ ಬಂದು ಬಾಗಿಲು ಮುಚ್ಚಿಸಿ ಅಂಗಿ ಕಳಚಿದ. ಕುದುರೆಯಿಂದ ಬಿದ್ದು ಅವನ ಬಲಭುಜ ಎರಡು ಬೆರಳಿನಷ್ಟು ತಗ್ಗಿತ್ತು. ಈಟಿ ಹಿಡಿಯಲು ತೊಂದರೆಯಿರಲಿಲ್ಲ. ಆದರೆ ಮೈ ಊನವಾದವನನ್ನು ಕಾವಲಿಗೆ ಇಟ್ಟುಕೊಳ್ಳುವ ಪದ್ಧತಿ ಅಲ್ಲಿರಲಿಲ್ಲ. ಭುಜ ಕಾಣದಂಥ ಅಂಗಿ ಬೇಕು, ಇಲ್ಲವಾದರೆ ಹೆಂಡತಿ ಮಕ್ಕಳ ಅನ್ನ ಹೋಗುತ್ತದೆ ಎಂದ. ದರ್ಜಿಗೆ ಕರುಳು ಚುರುಕ್ಕೆಂದಿತು. ಹೊಲಿಯುತ್ತೇನೆ ಎಂದು ಮಾತು ಕೊಟ್ಟ. ಹೊಲಿಯುವುದು ಹೇಗೆಂದು ಮಾತ್ರ ಅವನಿಗೆ ಗೊತ್ತಿರಲಿಲ್ಲ.

ಅಮಾವಾಸ್ಯೆಯ ದಿನ ಆ ಸೀಮೆಯ ದರ್ಜಿಗಳು ಕತ್ತರಿ ಹಿಡಿಯುತ್ತಿರಲಿಲ್ಲ. ಹೊಳೆದಂಡೆಯ ಮಂಟಪದಲ್ಲಿ ಸೇರಿ ಬೆಳಗಿನಿಂದ ಊಟದ ಹೊತ್ತಿನವರೆಗೆ ತಮ್ಮ ತಮ್ಮ ಕೆಲಸದ ತೊಡಕು ಬಿಡಿಸಿಕೊಳ್ಳುತ್ತಿದ್ದರು. ಕತ್ತರಿಗೆ ರಜೆ, ನಾಲಿಗೆಗೆ ಕೈತುಂಬ ಕೆಲಸ. ನಮ್ಮ ದರ್ಜಿಯೂ ಹೋಗಿ ಕೇಳಿದ: ಒಬ್ಬನ ಬಲಭುಜ ಎರಡು ಬೆರಳು ತಗ್ಗಿದೆ, ಬಟ್ಟೆ ಕತ್ತರಿಸುವುದು ಹೇಗೆ? ಯಾರು, ಏನು ಎಂದು ಹೇಳಲಿಲ್ಲ. ಒಬ್ಬ ಮುದುಕ ದರ್ಜಿ ಒಳ್ಳೆಯ ಉಪಾಯ ಹೇಳಿದ. ಒಳಪದರಕ್ಕೂ ಹೊರಪದರಕ್ಕೂ ನಡುವೆ ಕಂಬಳಿಯ ತುಂಡನ್ನು ಏಳು ಮಡಿಕೆ ಮಾಡಿ ಓರೆಯಾಗಿ ಹೊಲಿಯಬೇಕು. ಎಲ್ಲರೂ ತಲೆದೂಗಿದರು.

ಅಂಗಿ ಅಚ್ಚುಕಟ್ಟಾಗಿ ಬಂತು. ಅದನ್ನು ತೊಟ್ಟ ಕಾವಲುಗಾರ ಸಾಲಿನಲ್ಲಿ ಎಲ್ಲರಂತೆ ನೆಟ್ಟಗೆ ನಿಂತ. ದರ್ಜಿಗೆ ತಾನೇ ಸಾಲಿನಲ್ಲಿ ನಿಂತಷ್ಟು ಸಂತೋಷವಾಯಿತು.

ಆರು ತಿಂಗಳ ಮೇಲೆ ಕಾವಲಿನ ಅಂಗಿಗಳೆಲ್ಲ ದುರಸ್ತಿಗೆಂದು ಅರಮನೆಯ ದರ್ಜಿಯ ಬಳಿ ಹೋದವು. ಅವನೂ ಅಂದು ಮಂಟಪದಲ್ಲಿದ್ದವನೇ. ಒಂದು ಅಂಗಿಯ ಹೊಲಿಗೆ ಬಿಚ್ಚಿದಾಗ ಏಳು ಮಡಿಕೆಯ ಕಂಬಳಿ ಸಿಕ್ಕಿತು. ಅವನು ಕೆಟ್ಟವನಲ್ಲ. ಕಿವಿಯಲ್ಲಿ ಕೇಳಿದ ವಿದ್ಯೆ ಕಣ್ಣಿಗೆ ಬಿತ್ತಲ್ಲ ಎಂದು ಹಿಗ್ಗಿ, "ನಮ್ಮವರ ಕೈಚಳಕ ನೋಡಿ, ಸ್ವಾಮಿ" ಎಂದು ಕಾವಲಿನ ಮುಖ್ಯಸ್ಥನಿಗೇ ತೋರಿಸಿದ. ಅಂಗಿ ಯಾರದೆಂದು ಮುಖ್ಯಸ್ಥ ವಿಚಾರಿಸಿದ; ಆ ವಾರವೇ ಕಾವಲುಗಾರನ ಕೆಲಸ ಹೋಯಿತು.

ಅವನು ನೇರವಾಗಿ ದರ್ಜಿಯ ಅಂಗಡಿಗೆ ಬಂದ. ದರ್ಜಿ ಎದ್ದು ನಿಂತ.

"ದೇವರಾಣೆಗೂ ನಿನ್ನ ಹೆಸರು ನನ್ನ ಬಾಯಲ್ಲಿ ಬಂದಿಲ್ಲಪ್ಪ. ಬರೀ ಭುಜದ ಮಾತಾಡಿದೆ, ಅಷ್ಟೇ."

"ನನ್ನ ಹೆಸರು ಊರಿಗೆಲ್ಲ ಗೊತ್ತಿರೋದೇ. ಮುಚ್ಚಿಡು ಅಂತ ನಿನ್ನ ಕೈಗೆ ಕೊಟ್ಟಿದ್ದು ಭುಜಾನ" ಎಂದ ಕಾವಲುಗಾರ. ಬೈಯಲಿಲ್ಲ. ಅಂಗಿಯನ್ನು ಅಲ್ಲೇ ಬಿಟ್ಟು ಹೋದ. ಬೈದಿದ್ದರೆ ಚೆನ್ನಾಗಿತ್ತೆಂದು ದರ್ಜಿಗೆ ಬಹಳ ದಿನ ಅನ್ನಿಸುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು. ಕುಮುದಿನಿಗೆ ಸಮಾಧಾನವಾಗಲಿಲ್ಲ.

"ಹಾಗಾದರೆ ದರ್ಜಿ ಯಾರನ್ನೂ ಕೇಳಬಾರದಿತ್ತೇ? ಕೇಳದಿದ್ದರೆ ಆ ಅಂಗಿಯೇ ಆಗುತ್ತಿರಲಿಲ್ಲವಲ್ಲ, ಗುರುಗಳೇ."

"ಕೇಳಬೇಕಿತ್ತು ತಾಯಿ, ಎಲ್ಲರಿಗಿಂತ ಮೊದಲು ಆ ಭುಜದವನನ್ನು."