ಮಿಷನಜ್ಜಿಯ ಬಾಯಲ್ಲಿ ಸಿಕ್ಕಿದ್ದು

ತುಂಗಮ್ಮನ ಅಡುಗೆಮನೆಯಲ್ಲಿ ಕಾಫಿಬೀಜ ಪುಡಿಮಾಡುವ ಹಳೇ ಕೈಮಿಷನ್ನು ಬೆಳಗ್ಗೆ ಕಟಕ್ ಅಂತ ನಿಂತೇಹೋಯಿತು. ಮಿಕ್ಸಿಗೋ ಹಬ್ಬ. “ಅಜ್ಜಿಗೆ ಹಲ್ಲು ಉದುರಿತು ಕಣ್ರೇ! ಇನ್ನು ಗುಜರಿಯೇ ಗತಿ,” ಎಂದು ಫಿಲ್ಟರಿನಿಂದ ಸೌಟಿನವರೆಗೆ ಡಂಗುರ ಸಾರಿದಳು.

“ತುಂಗಮ್ಮ ಬಿಚ್ಚಿ ನೋಡಲಿ ತಾಯಿ, ಆಮೇಲೆ ಮಾತಾಡು,” ಎಂದಳು ಮಿಷನಜ್ಜಿ.

ತುಂಗಮ್ಮ ಸ್ಕ್ರೂ ಬಿಚ್ಚಿ ಮಿಷನ್ನು ಕೊಡವಿದಳು. ಬಿದ್ದದ್ದೇನು? ಮಿಕ್ಸಿ ಬ್ಲೇಡಿನ ಮುರಿದ ತುದಿ! ಅದೇ ಬೀಜವನ್ನು ಮೊದಲು ಅರೆಯಲು ಹೋಗಿ, ಹಲ್ಲು ಮುರಿದುಕೊಂಡು, ಎಲ್ಲವನ್ನೂ ಅಜ್ಜಿಯ ಬಾಯಿಗೆ ಸುರಿಸಿ ತೆಪ್ಪಗಿದ್ದವಳು ಈ ಮಿಕ್ಸಿಯೇ.

“ಇದು ಯಾರ ಹಲ್ಲಮ್ಮಾ?” ಎಂದಳು ಅಜ್ಜಿ. ಫಿಲ್ಟರು ಮುಚ್ಚಳ ಕುಣಿಸಿ ನಕ್ಕಿತು.

ಮತ್ತೆ ಜೋಡಿಸಿದ್ದೇ ತಡ, ಅಜ್ಜಿ ಗರಗರ ತಿರುಗಿದಳು, ಬೀದಿಗೆಲ್ಲ ಘಮಘಮ. ಸಂಜೆ ಗುಜರಿಯವನ ಚೀಲ ಸೇರಿದ್ದು ಮಿಕ್ಸಿಯ ಜಾರು.